ಹಾರ ಮೊದಲು ಯಾರು ಹಾಕಬೇಕು?

ಬೆಳಗಾವಿ ಜಿಲ್ಲೆಯ ಎಲ್ಲ ರಾಜಕೀಯ ಪಕ್ಷಗಳ ಅಧ್ಯಕ್ಷರಿಗೆ, ಜಯಂತಿ ಸಮಿತಿಗಳ ಹಿರಿಯರಿಗೆ, ಮತ್ತು ಹಾರ ಹಿಡಿದುಕೊಂಡು ತಾಸುಗಟ್ಟಲೆ ನಿಲ್ಲುವ ಕಾರ್ಯಕರ್ತ ತಮ್ಮಂದಿರಿಗೆ,

ನಮಸ್ಕಾರ.

ಮೊದಲು ಒಂದು ಸಣ್ಣ ಸಂಗತಿ ಹೇಳುತ್ತೇನೆ. ಊರಿನ ಹೆಸರು ಬೇಡ, ಪಕ್ಷದ ಹೆಸರೂ ಬೇಡ. ಹೋದ ವರ್ಷ ಆಗಸ್ಟ್ 15ಕ್ಕೆ ಒಂದು ಊರಿನವರು ನನ್ನನ್ನು ಭಾಷಣಕ್ಕೆ ಕರೆದಿದ್ದರು. ಧ್ವಜ ಹಾರಿಸಿದ ಮೇಲೆ ಸಂಗೊಳ್ಳಿ ರಾಯಣ್ಣನ ಜಯಂತಿ. ಒಂದು ಪಕ್ಷದವರು ಚೆಂಡು ಹೂವಿನ ಹಾರ ತಂದಿದ್ದರು. ಇನ್ನೊಂದು ಪಕ್ಷದವರು ಸೇಬಿನ ಹಾರ ತಂದಿದ್ದರು, ಅದನ್ನು ಎತ್ತಲು ಕ್ರೇನೂ ಬಂದಿತ್ತು. ಮೊದಲು ಯಾರು ಹಾಕಬೇಕು ಅಂತ ಮಾತು ಶುರುವಾಯಿತು. ಹನ್ನೊಂದು ಗಂಟೆಗೆ ಶುರುವಾದದ್ದು ಒಂದೂವರೆಯಾದರೂ ಮುಗಿಯಲಿಲ್ಲ. "ಅಂವಾ ನಮ್ಮಾಂವ" ಅಂತ ಒಬ್ಬರು. "ನಿಮ್ಮಾಂವ ಹೆಂಗ ಆಗ್ತಾನಲೇ?" ಅಂತ ಇನ್ನೊಬ್ಬರು. ಕಾಲರ್ ಹಿಡಿಯುವ ಹೊತ್ತಿಗೆ ಪೊಲೀಸರು ನಡುವೆ ಬಂದರು. ನನ್ನ ಭಾಷಣ ಆಗಲೇ ಇಲ್ಲ. ಅದರಿಂದ ಯಾರಿಗೂ ನಷ್ಟವಿಲ್ಲ, ಬಿಡಿ.

ಆದರೆ ನನ್ನ ಪಕ್ಕದಲ್ಲಿ ಆರನೇ ಕ್ಲಾಸಿನ ಒಬ್ಬ ಹುಡುಗ ಕೂತಿದ್ದ. ರಾಯಣ್ಣನ ವೇಷ ಹಾಕಿದ್ದ. ಅಂಟಿಸಿದ ಮೀಸೆ ಬೆವರಿಗೆ ಅರ್ಧ ಬಿಟ್ಟಿತ್ತು. ಅವನು ನನ್ನ ಕಡೆ ತಿರುಗಿ ಕೇಳಿದ: "ಸರ, ರಾಯಣ್ಣ ಯಾವ ಪಾರ್ಟಿರಿ?"

ಮೂವತ್ತೊಂದು ವರ್ಷ ಸಮಾಜ ವಿಜ್ಞಾನ ಕಲಿಸಿದ ಮಾಸ್ತರ ನಾನು. 1831ರ ಜನವರಿ 26ರಂದು ನಂದಗಡದಲ್ಲಿ ರಾಯಣ್ಣನನ್ನು ಗಲ್ಲಿಗೇರಿಸಿದಾಗ ನಿಮ್ಮ ಯಾವ ಪಕ್ಷವೂ ಹುಟ್ಟಿರಲಿಲ್ಲ ಅಂತ ಹೇಳಬಹುದಿತ್ತು. ಹೇಳಲಿಲ್ಲ. "ಸುಮ್ನೆ ಕೂಡ್ರೋ" ಅಂದುಬಿಟ್ಟೆ. ಅವತ್ತು ಕೊಡದ ಉತ್ತರವನ್ನು ಈಗ ಬರೆಯುತ್ತಿದ್ದೇನೆ. ಹುಡುಗನಿಗಲ್ಲ, ನಿಮಗೆ.

ಈ ಉತ್ತರಕ್ಕೆ ಸ್ವಲ್ಪ ದೂರ ಹೋಗಬೇಕು. ಐರ್ಲೆಂಡಿಗೆ. ನಮ್ಮ ಸಂವಿಧಾನದ ರಾಜ್ಯ ನಿರ್ದೇಶಕ ತತ್ವಗಳು ಐರ್ಲೆಂಡಿನ ಸಂವಿಧಾನದಿಂದ ಬಂದವು ಅಂತ ಹತ್ತನೇ ಕ್ಲಾಸಿನ ಮಕ್ಕಳಿಗೆ ಉರು ಹೊಡೆಸಿದ್ದೇನೆ. ಒಂದು ಅಂಕದ ಪ್ರಶ್ನೆ. ಆ ದೇಶದ ಬಗ್ಗೆ ನನಗೆ ಗೊತ್ತಿದ್ದದ್ದೂ ಅಷ್ಟೇ. ಆಮೇಲೆ ಮಗ ಕೆಲಸಕ್ಕೆ ಅಂತ ಅಲ್ಲಿನ ಕಾರ್ಕ್ ನಗರಕ್ಕೆ ಹೋದ. ಎರಡು ವರ್ಷದ ಹಿಂದೆ ನಾನೂ ನನ್ನ ಹೆಂಡತಿಯೂ ಹೋಗಿ ಅವನ ಮನೆಯಲ್ಲಿ ಮೂರು ತಿಂಗಳಿದ್ದೆವು. ಜಿಟಿಜಿಟಿ ಮಳೆ, ಎಲ್ಲಿ ನೋಡಿದರೂ ಹಸಿರು. "ಖಾನಾಪುರಕ್ಕ ಬಂದಂಗ ಆತು, ಇದಕ್ಕ ಇಷ್ಟು ರೊಕ್ಕ ಕೊಟ್ಟು ಬರಬೇಕಿತ್ತೇನು?" ಅಂದಳು ಹೆಂಡತಿ.

ಒಂದು ಭಾನುವಾರ ಮಗ ಕಾರಿನಲ್ಲಿ ಕರೆದುಕೊಂಡು ಹೋದ. ಮುಕ್ಕಾಲು ಗಂಟೆ ದಾರಿ. ಎರಡೂ ಕಡೆ ಬೇಲಿ, ಎದುರಿಗೆ ಟ್ರ್ಯಾಕ್ಟರ್ ಬಂದರೆ ಹಿಂದಕ್ಕೆ ಸರಿಯಬೇಕು, ಅಂಥ ರಸ್ತೆ. ಒಂದು ತಿರುವಿನಲ್ಲಿ ರಸ್ತೆ ಬದಿಗೆ ಒಂದು ಕಲ್ಲಿನ ಶಿಲುಬೆ. ಊರಿನ ಹೆಸರು ಬೇಲ್ ನ ಬ್ಲಾ. 1922ರ ಆಗಸ್ಟ್ 22ರ ಸಂಜೆ ಮೈಕಲ್ ಕಾಲಿನ್ಸ್ ಗುಂಡು ತಗಲಿ ಬಿದ್ದದ್ದು ಇಲ್ಲೇ. ಆಗ ಆತನಿಗೆ 31 ವರ್ಷ. ಹೊಸ ಸರ್ಕಾರದ ಸೈನ್ಯದ ಮುಖ್ಯಸ್ಥ. ಹುಟ್ಟಿದ ಜಿಲ್ಲೆಯಲ್ಲೇ, ನಿನ್ನೆ ಮೊನ್ನೆಯವರೆಗೆ ಜೊತೆಗಿದ್ದವರ ಗುಂಡಿಗೆ ಸತ್ತ. ಅವತ್ತು ಅವನ ದಂಡಿನಲ್ಲಿ ಬೇರೆ ಯಾರೂ ಸಾಯಲಿಲ್ಲ, ಇವನೊಬ್ಬನೇ.

ಅಲ್ಲಿ ನಿಂತಾಗ ನನಗೆ ನಂದಗಡದ ಆಲದ ಮರ ನೆನಪಾಯಿತು. ಮಕ್ಕಳಾಗಲಿ ಅಂತ ಹರಕೆ ಹೊತ್ತು ಹೆಣ್ಣುಮಕ್ಕಳು ತೊಟ್ಟಿಲು ಕಟ್ಟುವ ಮರ. ಈ ಶಿಲುಬೆಯ ಹತ್ತಿರ ತೊಟ್ಟಿಲು ಇರಲಿಲ್ಲ. ಯಾರೋ ಇಟ್ಟುಹೋದ ಹೂವಿನ ಒಂದು ಕಟ್ಟಿತ್ತು, ಮಳೆಗೆ ನೆನೆದಿತ್ತು.

ಕಥೆಯನ್ನು ಬೇಗ ಹೇಳುತ್ತೇನೆ, ಯಾಕಂದರೆ ನನಗೆ ಬೇಕಾದದ್ದು ಕಥೆಯ ಮುಂದಿನ ಭಾಗ. 1919ರಿಂದ 1921ರವರೆಗೆ ಐರಿಷರು ಬ್ರಿಟಿಷರ ಮೇಲೆ ಗೆರಿಲ್ಲಾ ಯುದ್ಧ ಮಾಡಿದರು. ಕಾಲಿನ್ಸ್ ಅದರ ಮೆದುಳು. ಗೂಢಚಾರರ ಜಾಲ ಅವನದು. 1920ರ ನವೆಂಬರ್ 21ರ ಬೆಳಿಗ್ಗೆ ಡಬ್ಲಿನ್ನಿನಲ್ಲಿ ಬ್ರಿಟಿಷ್ ಗುಪ್ತಚರರನ್ನು ಅವರ ಮನೆಗಳಿಗೇ ಹೋಗಿ ಕೊಲ್ಲಿಸಿದವನೂ ಅವನೇ. ಹಣಕಾಸು ಮಂತ್ರಿಯಾಗಿ ಜನರಿಂದ ರಾಷ್ಟ್ರೀಯ ಸಾಲ ಎತ್ತಿದವನೂ ಅವನೇ. ಲೆಕ್ಕ ಬಲ್ಲವನು, ಬಂದೂಕೂ ಬಲ್ಲವನು. ಇಂಥವರನ್ನು ಕಂಡರೆ ಜನಕ್ಕೆ ಹುಚ್ಚು ಪ್ರೀತಿ, ಅಲ್ವಾ?

ಕದನ ನಿಂತಿತು, ಮಾತುಕತೆಗೆ ಲಂಡನ್ನಿಗೆ ಹೋಗಬೇಕಾಯಿತು. ದೊಡ್ಡ ನಾಯಕ ಏಮನ್ ಡಿ ವೆಲೆರಾ. ಆತ ತಾನು ಹೋಗಲಿಲ್ಲ. ಕಾಲಿನ್ಸ್ ಮತ್ತು ಆರ್ಥರ್ ಗ್ರಿಫಿತ್ ಇದ್ದ ತಂಡವನ್ನು ಕಳಿಸಿದ. 1921ರ ಡಿಸೆಂಬರ್ 6ರಂದು ಸಹಿ ಆಯಿತು. ಸಿಕ್ಕಿದ್ದು ಪೂರ್ತಿ ಗಣರಾಜ್ಯವಲ್ಲ. ದೇಶದ 26 ಕೌಂಟಿಗಳಿಗೆ ಸ್ವಂತ ಸರ್ಕಾರ, ಉತ್ತರದ 6 ಹೊರಗೆ. ಶಾಸನಸಭೆಗೆ ಹೋಗುವವರು ಇಂಗ್ಲೆಂಡಿನ ರಾಜನಿಗೆ ನಿಷ್ಠೆಯ ಮಾತಿರುವ ಪ್ರಮಾಣ ಮಾಡಬೇಕು. ಕಾಲಿನ್ಸ್ ಹೇಳಿದ್ದು ಇಷ್ಟು: ಇದು ಕೊನೆಯ ಸ್ವಾತಂತ್ರ್ಯ ಅಲ್ಲ, ಅದನ್ನು ಮುಟ್ಟಲು ಸಿಕ್ಕ ದಾರಿ. ಡಿ ವೆಲೆರಾ ಒಪ್ಪಲಿಲ್ಲ. 1922ರ ಜನವರಿ 7ರಂದು ಅವರ ಸಭೆಯಲ್ಲಿ ಮತಕ್ಕೆ ಹಾಕಿದರು. ಒಪ್ಪಂದದ ಪರ 64, ವಿರುದ್ಧ 57. ಏಳು ಮತ. ಆ ಏಳು ಮತದ ಬಿರುಕಿನಿಂದ ಅಂತರ್ಯುದ್ಧ ಹುಟ್ಟಿತು.

ತಾನು ಹೋಗದೆ ಇವನನ್ನು ಯಾಕೆ ಕಳಿಸಿದ? ನೂರು ವರ್ಷದಿಂದ ಅಲ್ಲಿ ಇದೇ ಚರ್ಚೆ. ಕೈ ಸುಟ್ಟುಕೊಳ್ಳಲು ಬೇರೆಯವನನ್ನು ಮುಂದೆ ಬಿಟ್ಟ ಅಂತ ಒಂದು ಪಂಗಡ. ಕಟ್ಟಕಡೆಯ ಮಾತು ಡಬ್ಲಿನ್ನಿನಲ್ಲೇ ಇರಲಿ ಅಂತ ಹಾಗೆ ಮಾಡಿದ, ಇವರು ಕೇಳದೆ ಸಹಿ ಹಾಕಿದರು ಅಂತ ಇನ್ನೊಂದು ಪಂಗಡ. ಕಾಲಿನ್ಸ್ ಸಾಯುವ ಹೊತ್ತಿಗೆ ಡಿ ವೆಲೆರಾ ಅದೇ ಸುತ್ತಮುತ್ತ ಇದ್ದ ಅನ್ನುವುದನ್ನು ಹಿಡಿದು ಅನುಮಾನ ಪಡುವವರೂ ಇದ್ದಾರೆ. ಕೊಲ್ಲಿಸಿದ ಅನ್ನುವುದಕ್ಕೆ ಸಾಕ್ಷಿ ಇಲ್ಲ. ಆದರೆ ಅನುಮಾನ ಪಡುವವರಿಗೆ ಸಾಕ್ಷಿ ಬೇಕಿಲ್ಲ. ಇದು ನಮಗೂ ಗೊತ್ತಿರುವ ರೋಗ.

ಅಂತರ್ಯುದ್ಧ ಅಂದರೆ ಏನು ಅಂತ ನನಗೆ ಅರ್ಥವಾದದ್ದು ಎರಡು ಸಂಗತಿಗಳಿಂದ.

ಒಂದು, ಹೇಲ್ಸ್ ಅಣ್ಣತಮ್ಮಂದಿರದು. ಟಾಮ್ ಹೇಲ್ಸ್, ಶಾನ್ ಹೇಲ್ಸ್. ಇಬ್ಬರೂ ಬ್ರಿಟಿಷರ ವಿರುದ್ಧ ಜೊತೆಯಾಗಿ ಹೋರಾಡಿದವರು, ಇಬ್ಬರೂ ಕಾಲಿನ್ಸ್‌ನ ಗೆಳೆಯರು. ಶಾನ್ ಒಪ್ಪಂದದ ಪರ ನಿಂತು ಶಾಸನಸಭೆಗೆ ಹೋದ. ಟಾಮ್ ವಿರುದ್ಧ ನಿಂತ. ಬೇಲ್ ನ ಬ್ಲಾದಲ್ಲಿ ಹೊಂಚು ಹಾಕಿ ಕೂತ ಪಡೆಯ ಮುಖಂಡ ಈ ಟಾಮ್. ಮೂರೂವರೆ ತಿಂಗಳಾದ ಮೇಲೆ, ಡಿಸೆಂಬರ್ 7ರಂದು, ಟಾಮ್‌ನ ಕಡೆಯವರೇ ಡಬ್ಲಿನ್ನಿನಲ್ಲಿ ಶಾನ್‌ನನ್ನು ಗುಂಡಿಟ್ಟು ಕೊಂದರು. ಅವರ ತಾಯಿ ತಂದೆ ಯಾರನ್ನು ಶಪಿಸಬೇಕು ಹೇಳಿ.

ಎರಡನೆಯದು ಮರುದಿನದ್ದು. ಶಾನ್‌ನ ಸಾವಿಗೆ ಸೇಡು ಅಂತ ಸರ್ಕಾರ ಜೈಲಿನಲ್ಲಿದ್ದ ನಾಲ್ವರನ್ನು ವಿಚಾರಣೆಯೇ ಇಲ್ಲದೆ ಬೆಳಗಾಗುತ್ತಲೇ ಗುಂಡಿಟ್ಟು ಕೊಂದಿತು. ನಾಲ್ವರಲ್ಲಿ ಒಬ್ಬ ರೋರಿ ಒಕಾನರ್. ಅದಕ್ಕೆ ಒಪ್ಪಿಗೆ ಕೊಟ್ಟ ಮಂತ್ರಿಗಳಲ್ಲಿ ಒಬ್ಬ ಕೆವಿನ್ ಒಹಿಗಿನ್ಸ್. ಒಂದು ವರ್ಷದ ಹಿಂದೆ ಒಹಿಗಿನ್ಸ್‌ನ ಮದುವೆ ಆಗಿತ್ತು. ಆ ಮದುವೆಯಲ್ಲಿ ಮದುಮಗನ ಪಕ್ಕದಲ್ಲಿ ಜೊತೆಗಾರನಾಗಿ ನಿಂತವನು ಇದೇ ರೋರಿ. 1927ರಲ್ಲಿ ಒಹಿಗಿನ್ಸ್‌ನನ್ನೂ ಯಾರೋ ಕೊಂದರು. ಅಂತರ್ಯುದ್ಧದ ಕಾಲದಲ್ಲಿ ಸರ್ಕಾರ ಒಟ್ಟು 77 ಜನರನ್ನು ಗುಂಡಿಟ್ಟು ಕೊಂದಿತು. ಆ 77 ಅನ್ನುವ ಅಂಕಿ ಮುಂದೆ ಹಲವು ಚುನಾವಣೆಗಳ ಭಾಷಣಕ್ಕೆ ಬಂಡವಾಳವಾಯಿತು.

ನನ್ನ ಮಗನ ಪಕ್ಕದ ಮನೆಯಲ್ಲಿ ಒಬ್ಬ ಮುದುಕರಿದ್ದರು. ಅವರ ಅಜ್ಜ ಒಂದು ಕಡೆ, ಅಜ್ಜಿಯ ಅಣ್ಣ ಇನ್ನೊಂದು ಕಡೆ. "ಮನೆಯಲ್ಲಿ ಆ ಮಾತು ಎತ್ತುತ್ತಲೇ ಇರಲಿಲ್ಲ. ಹವಾಮಾನದ ಬಗ್ಗೆ ಮಾತಾಡುತ್ತಿದ್ದರು" ಅಂದರು. ಅಲ್ಲಿ ಹವಾಮಾನ ಮಾತಾಡಲು ಸಾಕಷ್ಟು ಇದೆ, ಒಪ್ಪಿದೆ. ಅರವತ್ತು ವರ್ಷ ಅದನ್ನೇ ಮಾತಾಡಿದರೇನು ಅಂತ ಕೇಳಬೇಕೆನಿಸಿತು, ಕೇಳಲಿಲ್ಲ.

ಈಗ ಪಕ್ಷಗಳಿಗೆ ಬರೋಣ. ಇದನ್ನು ನೀವು ಗಮನವಿಟ್ಟು ಓದಬೇಕು.

1926ರಲ್ಲಿ ಡಿ ವೆಲೆರಾ ಹೊಸ ಪಕ್ಷ ಕಟ್ಟಿದ, ಫಿಯಾನಾ ಫಾಲ್. ಒಪ್ಪಂದದ ಪರ ಇದ್ದವರ ಪಕ್ಷ, ಇನ್ನೆರಡು ಗುಂಪುಗಳ ಜೊತೆ ಸೇರಿ, 1933ರಲ್ಲಿ ಫಿನೆ ಗೇಲ್ ಆಯಿತು. ಈ ಎರಡು ಪಕ್ಷಗಳೇ ಸರದಿಯಂತೆ ಐರ್ಲೆಂಡನ್ನು ಆಳಿಕೊಂಡು ಬಂದವು. ಫಿನೆ ಗೇಲ್ ಪಕ್ಷಕ್ಕೆ ಕಾಲಿನ್ಸ್ ಕುಲದೇವರು. ಆದರೆ ಲೆಕ್ಕ ಹಾಕಿ ನೋಡಿ. ಆತ ಸತ್ತದ್ದು 1922ರಲ್ಲಿ, ಪಕ್ಷ ಹುಟ್ಟಿದ್ದು 1933ರಲ್ಲಿ. ಆತ ಒಂದು ದಿನವೂ ಅದರ ಸದಸ್ಯನಾಗಿರಲಿಲ್ಲ. ಆತನೂ ಡಿ ವೆಲೆರಾನೂ ಇದ್ದದ್ದು ಒಂದೇ ಪಕ್ಷದಲ್ಲಿ, ಹಳೆಯ ಶಿನ್ ಫೇನ್‌ನಲ್ಲಿ. ಅಂದರೆ ಹನ್ನೊಂದು ವರ್ಷ ತಡವಾಗಿ ಹುಟ್ಟಿದ ಮಗು ತನ್ನ ತಂದೆ ಯಾರು ಅಂತ ತಾನೇ ಆರಿಸಿಕೊಂಡಿತು.

ಇನ್ನೂ ತಮಾಷೆಯ ಸಂಗತಿ ಇದೆ. ಡಿ ವೆಲೆರಾನ ಪಕ್ಷ ಮೊದಲು ಶಾಸನಸಭೆಗೆ ಹೋಗುವುದಿಲ್ಲ ಅಂತ ಹೊರಗೆ ಉಳಿದಿತ್ತು, ರಾಜನ ಹೆಸರಿನ ಪ್ರಮಾಣ ಮಾಡಬೇಕಲ್ಲ. 1927ರ ಆಗಸ್ಟ್‌ನಲ್ಲಿ ಆತ ಹೋಗಿ ಬೈಬಲ್ಲನ್ನು ಪಕ್ಕಕ್ಕೆ ಸರಿಸಿ, ಇದು ಖಾಲಿ ಶಾಸ್ತ್ರ, ನಾನು ಪ್ರಮಾಣ ಮಾಡುತ್ತಿಲ್ಲ ಅಂತ ಹೇಳಿ ಪುಸ್ತಕದಲ್ಲಿ ಸಹಿ ಹಾಕಿದ. ಯಾವ ಪ್ರಮಾಣಕ್ಕಾಗಿ ದೇಶ ಹೊಡೆದಾಡಿತ್ತೋ ಅದು ಐದು ವರ್ಷದಲ್ಲಿ ಖಾಲಿ ಶಾಸ್ತ್ರವಾಯಿತು.

ಇದನ್ನು ಓದುವಾಗ ನನಗೆ ನಮ್ಮ ಟಿಳಕವಾಡಿಯ ಕಾಂಗ್ರೆಸ್ ಬಾವಿ ನೆನಪಾಗುತ್ತದೆ. 1924ರ ಡಿಸೆಂಬರ್‌ನಲ್ಲಿ ಇಲ್ಲೇ ಗಾಂಧೀಜಿ ಕಾಂಗ್ರೆಸ್ಸಿನ ಅಧ್ಯಕ್ಷತೆ ವಹಿಸಿದರು. ತಮ್ಮ ಜೀವನದಲ್ಲಿ ಅದೊಂದೇ ಸಲ. ಆಗ ಕಾಂಗ್ರೆಸ್ ಒಡೆಯುವ ಹಂತದಲ್ಲಿತ್ತು. ಬ್ರಿಟಿಷರ ಶಾಸನಸಭೆಗೆ ಹೋಗಬೇಕು ಅಂತ ಚಿತ್ತರಂಜನ ದಾಸ್, ಮೋತಿಲಾಲ್ ನೆಹರೂ. ಹೋಗಬಾರದು ಅಂತ ಇನ್ನೊಂದು ಬಣ. ಗಾಂಧೀಜಿ ಹೋಗಬಾರದು ಅನ್ನುವ ಕಡೆಯವರು. ಆದರೂ ಬೆಳಗಾವಿಯಲ್ಲಿ ದಾಸ್, ನೆಹರೂ ಅವರಿಗೆ ಒಪ್ಪಿಗೆ ಕೊಟ್ಟು, ಪಕ್ಷ ಒಡೆಯದ ಹಾಗೆ ನೋಡಿಕೊಂಡರು. ಐರ್ಲೆಂಡಿನಲ್ಲಿ ಇಂಥದೇ ಪ್ರಶ್ನೆಗೆ ಹೆಣ ಬಿದ್ದ ಎರಡೇ ವರ್ಷಕ್ಕೆ ನಮ್ಮ ಊರಲ್ಲಿ ಮಾತಿನಲ್ಲಿ ಮುಗಿಯಿತು. ಈ ಊರಿನ ಬಗ್ಗೆ ಹೆಮ್ಮೆ ಪಡಲು ಇಷ್ಟು ದೊಡ್ಡ ವಿಷಯ ಇರುವಾಗ ನಾವು ಅದರ ಬಗ್ಗೆ ಒಂದು ನಾಟಕವನ್ನೂ ಆಡಿಸುವುದಿಲ್ಲ. ಎರಡೂ ಕಡೆಯವರು ಬಗ್ಗಿದ ಕಥೆಗೆ ಡಿಜೆ ಹಚ್ಚಲು ಬರುವುದಿಲ್ಲವಲ್ಲ.

1932ರ ಚುನಾವಣೆಯಲ್ಲಿ ಡಿ ವೆಲೆರಾನ ಪಕ್ಷಕ್ಕೆ ಹೆಚ್ಚು ಸೀಟು ಬಂದವು. ಹತ್ತೇ ವರ್ಷದ ಹಿಂದೆ ಯಾರನ್ನು ಬೇಟೆಯಾಡಿದ್ದರೋ ಅವರ ಕೈಗೇ ಅಧಿಕಾರ ಕೊಡಬೇಕು. ಕೊಡುತ್ತಾರೋ ಇಲ್ಲವೋ ಅಂತ ಫಿಯಾನಾ ಫಾಲ್‌ನ ಕೆಲವು ಶಾಸಕರು ಜೇಬಿನಲ್ಲಿ ಪಿಸ್ತೂಲು ಇಟ್ಟುಕೊಂಡು ಸಭೆಗೆ ಬಂದಿದ್ದರಂತೆ. ಏನೂ ಆಗಲಿಲ್ಲ. ಪ್ರಧಾನಿಯಾಗಿದ್ದ ಕಾಸ್‌ಗ್ರೇವ್ ಕುರ್ಚಿ ಬಿಟ್ಟುಕೊಟ್ಟ. ನನ್ನ ಮಟ್ಟಿಗೆ ಆ ದೇಶದ ಇತಿಹಾಸದಲ್ಲಿ ಅತಿ ದೊಡ್ಡ ಶೌರ್ಯ ಇದು. ಆದರೆ ಕುರ್ಚಿಯಿಂದ ಎದ್ದವನನ್ನು ಕುದುರೆ ಮೇಲೆ ಕೂರಿಸಿ ಪ್ರತಿಮೆ ಮಾಡಲು ಯಾರಿಗೂ ಮನಸ್ಸು ಬರುವುದಿಲ್ಲ ನೋಡಿ.

ಅಧಿಕಾರಕ್ಕೆ ಬಂದ ಡಿ ವೆಲೆರಾ ಮಾಡಿದ್ದೇನು? 1933ರಲ್ಲಿ ಪ್ರಮಾಣವನ್ನು ತೆಗೆದುಹಾಕಿದ. 1937ರಲ್ಲಿ ಹೊಸ ಸಂವಿಧಾನ ತಂದ, ನಮ್ಮ ಒಂದು ಅಂಕದ ಪ್ರಶ್ನೆ ಬಂದದ್ದು ಅಲ್ಲಿಂದಲೇ. ಒಂದೊಂದೇ ಮೆಟ್ಟಿಲು ಹತ್ತಿದ. ಅಂದರೆ ಕಾಲಿನ್ಸ್ ತೋರಿಸಿದ ದಾರಿಯಲ್ಲೇ ನಡೆದ, ಬಾಯಿಬಿಟ್ಟು ಹೇಳಲಿಲ್ಲ ಅಷ್ಟೇ. ಇನ್ನು ಪೂರ್ತಿ ಗಣರಾಜ್ಯ ಬೇಕು ಅಂತ ಬಂದೂಕು ಹಿಡಿದವನು ಡಿ ವೆಲೆರಾ ಕಡೆಯವನು. ಆದರೆ 1949ರಲ್ಲಿ ಗಣರಾಜ್ಯ ಜಾರಿಗೆ ಬಂದದ್ದು ಫಿನೆ ಗೇಲ್ ಮುಂದಾಳತ್ವದ ಸರ್ಕಾರದಲ್ಲಿ. ಇವನ ದಾರಿಯಲ್ಲಿ ಅವನು ನಡೆದ, ಅವನ ಗುರಿಯನ್ನು ಇವನ ಕಡೆಯವರು ಮುಟ್ಟಿದರು. ಹಾಗಾದರೆ ಹೊಡೆದಾಡಿದ್ದು ಯಾಕೆ?

ಕಾಲಿನ್ಸ್ ಬದುಕಿದ್ದರೆ ಹಾಗೆ ಮಾಡುತ್ತಿದ್ದ, ಹೀಗೆ ಮಾಡುತ್ತಿದ್ದ ಅಂತ ಅಲ್ಲಿಯವರೂ ಗಂಟೆಗಟ್ಟಲೆ ಮಾತಾಡುತ್ತಾರೆ. ನನಗೆ ಅನಿಸುವುದು ಬೇರೆ. ಮೂವತ್ತೊಂದಕ್ಕೆ ಸತ್ತವನಿಗೆ ತಪ್ಪು ಮಾಡಲು ಟೈಮೇ ಸಿಗಲಿಲ್ಲ. ಡಿ ವೆಲೆರಾ 92 ವರ್ಷ ಬದುಕಿದ. ಬದುಕಿದವನ ತಪ್ಪುಗಳೆಲ್ಲ ಜನರ ಕಣ್ಣೆದುರೇ ನಡೆದವು. 1945ರಲ್ಲಿ ಹಿಟ್ಲರ್ ಸತ್ತಾಗ ಜರ್ಮನಿಯ ರಾಯಭಾರಿಯ ಹತ್ತಿರ ಹೋಗಿ ಸಂತಾಪ ಹೇಳಿಬಂದ, ಅದೂ ಇವತ್ತಿಗೂ ಅವನ ಲೆಕ್ಕದಲ್ಲಿದೆ. ಕಾಲಿನ್ಸ್‌ನ ಲೆಕ್ಕ ಪೂರ್ತಿ ಶುದ್ಧವೇನಲ್ಲ. 1922ರ ಜೂನ್ 28ರಂದು ಡಬ್ಲಿನ್ನಿನ ಕೋರ್ಟು ಕಟ್ಟಡದಲ್ಲಿ ಕೂತಿದ್ದ ತನ್ನ ಹಳೆಯ ಗೆಳೆಯರ ಮೇಲೆ ಫಿರಂಗಿ ಹಾರಿಸಿದ್ದು ಅವನ ಕಡೆಯವರು. ಆ ಫಿರಂಗಿ ಬ್ರಿಟಿಷರಿಂದ ತಂದದ್ದು. ಆ ಗಲಾಟೆಯಲ್ಲಿ ಪಕ್ಕದ ದಾಖಲೆ ಮನೆ ಸ್ಫೋಟವಾಗಿ ದೇಶದ ನೂರಾರು ವರ್ಷದ ಕಾಗದಪತ್ರ ಸುಟ್ಟು ಬೂದಿಯಾದವು. ಇದನ್ನೆಲ್ಲ ಜಯಂತಿಯಲ್ಲಿ ಹೇಳಿದರೆ ಯಾರು ಚಪ್ಪಾಳೆ ತಟ್ಟುತ್ತಾರೆ?

ಇನ್ನೊಬ್ಬನ ಹೆಸರು ಹೇಳಲೇಬೇಕು. ಸ್ಟೀಫನ್ ಫುಲ್ಲರ್. 1923ರ ಮಾರ್ಚ್‌ನಲ್ಲಿ ಕೆರಿ ಜಿಲ್ಲೆಯ ಬ್ಯಾಲಿಸೀಡಿ ಅನ್ನುವಲ್ಲಿ ಸರ್ಕಾರಿ ಸೈನಿಕರು ಒಂಬತ್ತು ಕೈದಿಗಳನ್ನು ಒಟ್ಟಿಗೆ ಕಟ್ಟಿ ನೆಲಬಾಂಬು ಸಿಡಿಸಿದರು. ಎಂಟು ಜನ ಚಿಂದಿಯಾದರು. ಫುಲ್ಲರ್ ಸಿಡಿತಕ್ಕೆ ದೂರ ಹೋಗಿ ಬಿದ್ದು ಹೇಗೋ ಬದುಕಿ ಓಡಿದ. ಮುಂದೆ ಫಿಯಾನಾ ಫಾಲ್‌ನಿಂದ ಶಾಸಕನಾದ, 1937ರಿಂದ 1943ರವರೆಗೆ. ಅವನನ್ನು ಬಾಂಬಿಗೆ ಕಟ್ಟಿದ ಸರ್ಕಾರವನ್ನು ನಡೆಸಿದವರು ಅದೇ ಸಭೆಯಲ್ಲಿ ಎದುರಿನ ಬೆಂಚಿನಲ್ಲಿ ಕೂರುತ್ತಿದ್ದರು. ಒಂದು ಸಲ ಅಂಗಿ ಬಿಚ್ಚಿ ಗಾಯ ತೋರಿಸಿದ್ದರೆ ಮತಗಳ ಮಳೆಯೇ ಸುರಿಯುತ್ತಿತ್ತು. ಅವನು ವೇದಿಕೆ ಮೇಲೆ ಆ ಕಥೆ ಹೇಳಿ ಮತ ಕೇಳಲಿಲ್ಲ. ಮುಂದಿನ ತಲೆಮಾರಿಗೆ ಈ ದ್ವೇಷ ದಾಟಬಾರದು ಅನ್ನುವುದು ಅವನ ಮಾತು. ಸಾರ್ವಜನಿಕವಾಗಿ ಬಾಯಿ ಬಿಟ್ಟದ್ದು 1980ರಲ್ಲಿ, ಒಂದು ಸಂದರ್ಶನದಲ್ಲಿ. ಐವತ್ತೇಳು ವರ್ಷ ಸುಮ್ಮನಿದ್ದ.

ನೀವು ನಿಮ್ಮ ಕಾರ್ಯಕರ್ತರಿಗೆ ತರಬೇತಿ ಶಿಬಿರ ಮಾಡುತ್ತೀರಲ್ಲ, ಅಲ್ಲಿ ಈ ಫುಲ್ಲರ್‌ನ ಕಥೆ ಹೇಳಿ. ಊಟಕ್ಕೆ ಮುಂಚೆ ಹೇಳಿ, ಊಟದ ಮೇಲಾದರೆ ನಿದ್ದೆ ಮಾಡುತ್ತಾರೆ.

ಇಷ್ಟಾದರೂ ಅಲ್ಲಿಯೂ ಸಣ್ಣತನಕ್ಕೆ ಕೊರತೆ ಇರಲಿಲ್ಲ. ಕಾಲಿನ್ಸ್‌ನ ಸಮಾಧಿಗೆ ಒಂದು ಶಿಲುಬೆ ಹಾಕಲು ಅವನ ಅಣ್ಣ ಅನುಮತಿ ಕೇಳಬೇಕಾಯಿತು. 1939ರಲ್ಲಿ ಡಿ ವೆಲೆರಾ ಸರ್ಕಾರ ಅನುಮತಿ ಕೊಟ್ಟಿತು, ಆದರೆ ಜನ ಸೇರಬಾರದು ಅಂತೆಲ್ಲ ಕರಾರು ಹಾಕಿತು. ಸತ್ತು ಹದಿನೇಳು ವರ್ಷದ ಮೇಲೂ ಸತ್ತವನ ಭಯ. ಬೇಲ್ ನ ಬ್ಲಾದ ಶಿಲುಬೆ 1924ರಿಂದ ಅಲ್ಲೇ ಇತ್ತು. ಪ್ರತಿ ಆಗಸ್ಟ್‌ನಲ್ಲಿ ಅಲ್ಲಿ ಸ್ಮರಣೆ ನಡೆಯುತ್ತದೆ, ಒಬ್ಬರು ಮುಖ್ಯ ಭಾಷಣ ಮಾಡುತ್ತಾರೆ. ಆ ಭಾಷಣಕ್ಕೆ ಮೊದಲ ಬಾರಿ ಫಿಯಾನಾ ಫಾಲ್‌ನ ಒಬ್ಬ ನಾಯಕನನ್ನು ಕರೆದದ್ದು ಯಾವಾಗ ಗೊತ್ತೇ? 2010ರಲ್ಲಿ. ಎಂಬತ್ತೆಂಟು ವರ್ಷ ಬೇಕಾಯಿತು. ಹೋದವರು ಬ್ರಯನ್ ಲೆನಿಹಾನ್, ಆಗಿನ ಹಣಕಾಸು ಮಂತ್ರಿ. ಕಾಲಿನ್ಸ್ ಕೂತಿದ್ದ ಹುದ್ದೆ ಅದು. ಲೆನಿಹಾನ್ ಅವರಿಗೆ ಕ್ಯಾನ್ಸರ್ ಇತ್ತು, ಮರುವರ್ಷ ತೀರಿಕೊಂಡರು. ಎದುರಾಳಿ ಪಕ್ಷದವರೇ ಕರೆದರು, ಇವರು ಹೋದರು. ಹಾರದ ಸರದಿಯ ಮಾತು ಬಂದಿರಲಿಕ್ಕಿಲ್ಲ.

2020ರಲ್ಲಿ ಈ ಎರಡು ಪಕ್ಷಗಳು ಸೇರಿ, ಗ್ರೀನ್ ಪಕ್ಷವನ್ನೂ ಕರೆದುಕೊಂಡು, ಮೊದಲ ಸಲ ಒಟ್ಟಿಗೆ ಸರ್ಕಾರ ಮಾಡಿದವು. ಪ್ರಧಾನಿ ಕುರ್ಚಿಯನ್ನು ಸರದಿಯಲ್ಲಿ ಹಂಚಿಕೊಂಡರು. 2022ರ ಆಗಸ್ಟ್‌ನಲ್ಲಿ ಕಾಲಿನ್ಸ್ ಸತ್ತು ನೂರು ವರ್ಷವಾದಾಗ ಫಿಯಾನಾ ಫಾಲ್‌ನ ಮಿಹಾಲ್ ಮಾರ್ಟಿನ್, ಫಿನೆ ಗೇಲ್‌ನ ಲಿಯೋ ವರಾಡ್ಕರ್ ಇಬ್ಬರೂ ಅದೇ ತಿರುವಿನಲ್ಲಿ ನಿಂತು ಮಾತಾಡಿದರು. ವರಾಡ್ಕರ್ ಅವರ ತಂದೆ ಮುಂಬೈಯಿಂದ ಹೋದವರು, ಮೂಲ ಊರು ಮಾಲ್ವಣ ಹತ್ತಿರದ ವರಾಡ. ಬೆಳಗಾವಿಯಿಂದ ಅಂಬೋಲಿ ಘಾಟ್ ಇಳಿದರೆ ಸಿಗುವ ನಾಡು! ನಮ್ಮ ಕಡೆಯಿಂದ ಹೋದವರ ಮಗ ಐರ್ಲೆಂಡಿನ ಅಂತರ್ಯುದ್ಧದ ಗಾಯಕ್ಕೆ ಪಟ್ಟಿ ಕಟ್ಟಿದ ಅಂತ ನಾನು ಹೆಂಡತಿಗೆ ಹೇಳಿದೆ. "ಅಂವನೂ ನಮ್ಮಾಂವ ಅಂತ ಸುರು ಮಾಡಬ್ಯಾಡ್ರಿ" ಅಂದಳು.

ಪಕ್ಷಗಳಿಗೆ ದಿಢೀರ್ ಬುದ್ಧಿ ಬಂತು ಅಂತ ನಾನು ನಂಬುವುದಿಲ್ಲ. 2020ರ ಚುನಾವಣೆಯಲ್ಲಿ ಈಗಿನ ಶಿನ್ ಫೇನ್ ಎಲ್ಲರಿಗಿಂತ ಹೆಚ್ಚು ಮತ ತೆಗೆದುಕೊಂಡಿತ್ತು. ಮೂರನೆಯವನು ಮನೆ ಬಾಗಿಲಿಗೆ ಬಂದಾಗ ಅಣ್ಣತಮ್ಮ ಒಂದಾದರು. ಆಗಲಿ. ಸ್ವಾರ್ಥಕ್ಕಾದರೂ ಒಂದಾದರಲ್ಲ.

ಈಗ ನಮ್ಮ ಕಡೆಗೆ. ನಮ್ಮಲ್ಲಿ ಅಂಥ ಅಂತರ್ಯುದ್ಧ ಆಗಿಲ್ಲ, ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ತಪ್ಪು. ಆದರೆ ಕಿತ್ತೂರಿನ ಕಥೆಯೂ ಬರೀ ಬ್ರಿಟಿಷರ ಮತ್ತು ನಮ್ಮ ನಡುವಿನ ಕಥೆ ಅಲ್ಲ. 1824ರ ಅಕ್ಟೋಬರ್ 23ರಂದು ಥ್ಯಾಕರೆ ಬಿದ್ದ, ಚನ್ನಮ್ಮ ಗೆದ್ದಳು. ಡಿಸೆಂಬರ್‌ನಲ್ಲಿ ಕೋಟೆ ಹೋಯಿತು. ಕೋಟೆಯೊಳಗಿನವರೇ ಕೈಕೊಟ್ಟರು ಅಂತ ನಮ್ಮ ಲಾವಣಿಗಳು ಹೇಳುತ್ತವೆ. ಬ್ರಿಟಿಷರ ಸಿಪಾಯಿಗಳಲ್ಲಿ ಎಷ್ಟೋ ಜನ ಈ ನೆಲದವರೇ. ಆಮೇಲೆ ರಾಯಣ್ಣ ದತ್ತುಮಗ ಶಿವಲಿಂಗಪ್ಪನನ್ನು ಗಾದಿಗೆ ಕೂರಿಸಬೇಕು ಅಂತ ಬಂಡೆದ್ದ. ಕಚೇರಿ ಸುಟ್ಟ, ಖಜಾನೆ ಲೂಟಿ ಮಾಡಿದ. ಬ್ರಿಟಿಷರು ತಾವಾಗಿ ಅವನನ್ನು ಹಿಡಿಯಲಾಗಲಿಲ್ಲ. ಹಿಡಿದುಕೊಟ್ಟವರು ನಮ್ಮವರು. ಇದನ್ನು ಪ್ರತಿ ನಾಟಕದಲ್ಲೂ ನೋಡಿ "ಥೂ" ಅಂತೀವಿ. ಹಿಡಿದುಕೊಟ್ಟವರ ಮೊಮ್ಮಕ್ಕಳು ಎಲ್ಲಿದ್ದಾರೆ ಅಂತ ಯೋಚಿಸಿದ್ದೀರಾ? ಇಲ್ಲೇ ಇದ್ದಾರೆ. ನಮ್ಮ ನಡುವೆಯೇ ಕೂತು "ಥೂ" ಅಂತಿದ್ದಾರೆ. ನಾನೇ ಅವರಲ್ಲೊಬ್ಬನಿರಬಹುದು, ಏಳು ತಲೆಮಾರಿನ ಹಿಂದಿನದು ಯಾರಿಗೆ ಗೊತ್ತು?

ಈಗ ಚನ್ನಮ್ಮ ಒಂದು ಜಾತಿಗೆ, ರಾಯಣ್ಣ ಇನ್ನೊಂದು ಜಾತಿಗೆ ಅಂತ ಪಾಲಾಗಿದೆ. ಆಳಿದವಳೂ ಆಕೆಗಾಗಿ ಸತ್ತವನೂ ಬೇರೆ ಬೇರೆ ಪೆಂಡಾಲಿನಲ್ಲಿ. ಶಿವಾಜಿ ಒಂದು ಭಾಷೆಗೆ, ರಾಯಣ್ಣ ಇನ್ನೊಂದು ಭಾಷೆಗೆ. 2020ರ ಆಗಸ್ಟ್‌ನಲ್ಲಿ ಪೀರನವಾಡಿಯ ವೃತ್ತದಲ್ಲಿ ರಾಯಣ್ಣನ ಪ್ರತಿಮೆ ನಿಲ್ಲಿಸುವ ವಿಷಯಕ್ಕೆ ಏನಾಯಿತು ಅಂತ ನಿಮಗೆಲ್ಲ ಗೊತ್ತು. ಕೊನೆಗೆ ವೃತ್ತಕ್ಕೆ ಶಿವಾಜಿ ಹೆಸರು, ಪ್ರತಿಮೆ ರಾಯಣ್ಣನದು ಅಂತ ರಾಜಿಯಾಯಿತು. ನನಗೆ ಆ ರಾಜಿ ಬಹಳ ಇಷ್ಟ. ಇಬ್ಬರೂ ಒಂದೇ ಜಾಗದಲ್ಲಿದ್ದಾರೆ, ಒಬ್ಬರಿಗೊಬ್ಬರು ಏನೂ ಅನ್ನುತ್ತಿಲ್ಲ. 2021ರ ಡಿಸೆಂಬರ್‌ನಲ್ಲಿ ಅನಗೋಳದಲ್ಲಿ ರಾಯಣ್ಣನ ಪ್ರತಿಮೆ ಒಡೆದದ್ದು ಮಾತ್ರ ಮರೆಯಲಾಗುವುದಿಲ್ಲ. 2023ರ ಮಾರ್ಚ್‌ನಲ್ಲಿ ರಾಜಹಂಸಗಡದ ಶಿವಾಜಿ ಪ್ರತಿಮೆಯನ್ನು ಆಗಿನ ಸರ್ಕಾರ ಒಂದು ಸಲ ಉದ್ಘಾಟಿಸಿತು, ಮೂರೇ ದಿನಕ್ಕೆ ಆಗಿನ ವಿರೋಧ ಪಕ್ಷ ಇನ್ನೊಂದು ಸಲ ಉದ್ಘಾಟಿಸಿತು. ಎರಡು ತಿಂಗಳಿಗೆ ಚುನಾವಣೆ ಇತ್ತು. ಒಂದೇ ಪ್ರತಿಮೆಗೆ ಎರಡು ಸಲ ಪರದೆ ಎಳೆದದ್ದನ್ನು ನೋಡಿ ನಮ್ಮ ಓಣಿಯ ಮರಾಠಿ ಗೆಳೆಯರೊಬ್ಬರು "ಮೂರನೇದು ನಾವು ಮಾಡೋಣ, ನಡೀರಿ ಮಾಸ್ತರ" ಅಂತ ನಕ್ಕಿದ್ದರು.

ನನ್ನ ಬೇಡಿಕೆ ಒಂದೇ. ಜಯಂತಿ ಬೇಡ ಅನ್ನುವುದಿಲ್ಲ. ಪ್ರತಿಮೆ ಬೇಡ ಅಂತಲೂ ಅನ್ನುವುದಿಲ್ಲ. ಬರುವ ಜನವರಿ 26ಕ್ಕೆ ನಂದಗಡದಲ್ಲಿ ಮುಖ್ಯ ಭಾಷಣವನ್ನು ಕಾರ್ಯಕ್ರಮ ನಡೆಸುವವರ ಎದುರಾಳಿ ಪಕ್ಷದವರಿಂದ ಮಾಡಿಸಿ. ಅಕ್ಟೋಬರ್ 23ಕ್ಕೆ ಕಿತ್ತೂರು ಉತ್ಸವದಲ್ಲೂ ಅದೇ. ಶಿವಾಜಿ ಜಯಂತಿಗೆ ಒಬ್ಬ ಕನ್ನಡದವನನ್ನು ಕರೆಯಿರಿ, ರಾಯಣ್ಣನ ಜಯಂತಿಗೆ ಒಬ್ಬ ಮರಾಠಿಯವನನ್ನು ಕರೆಯಿರಿ. ಬಂದವರಿಗೆ ಒಂದೇ ಕರಾರು: ತಮ್ಮ ಪಕ್ಷದ ಹೆಸರು ಎತ್ತಬಾರದು, ಮತ್ತು ನಮ್ಮವರೇ ನಮ್ಮವರಿಗೆ ಮಾಡಿದ ಒಂದು ತಪ್ಪನ್ನಾದರೂ ಹೇಳಬೇಕು. ಹದಿನೈದು ನಿಮಿಷ ಸಾಕು.

"ಅವರು ಬರೋದಿಲ್ರಿ" ಅಂತೀರಿ. ಕರೆದು ನೋಡಿ. "ನಮ್ಮ ಹುಡುಗರು ಸುಮ್ನಿರೋದಿಲ್ಲ" ಅಂತೀರಿ. ನಿಮ್ಮ ಹುಡುಗರು ನೀವು ಹೇಳಿದರೆ ಸುಮ್ಮನಿರುತ್ತಾರೆ, ಹೇಳದಿದ್ದರೆ ಇರುವುದಿಲ್ಲ. ಇದು ನಿಮಗೂ ಗೊತ್ತು, ನನಗೂ ಗೊತ್ತು, ಅವತ್ತು ನಡುವೆ ಬಂದ ಪೊಲೀಸರಿಗೂ ಗೊತ್ತು. ಇನ್ನು ಹಾರದ ವಿಷಯ. ಹಾರವನ್ನು ರಾಯಣ್ಣನ ವೇಷ ಹಾಕಿದ ಆ ಆರನೇ ಕ್ಲಾಸಿನ ಹುಡುಗನ ಕೈಗೆ ಕೊಡಿ. ಕ್ರೇನು ಬೇಡ, ಒಂದು ಏಣಿ ಸಾಕು. ಸೇಬುಗಳನ್ನು ಅಂಗನವಾಡಿಗೆ ಕಳಿಸಿ.

ನನ್ನ ಪತ್ರಕ್ಕೆ ಉತ್ತರ ಬರೆಯುವ ತೊಂದರೆ ತೆಗೆದುಕೊಳ್ಳಬೇಡಿ. ನಂದಗಡದ ಕರಪತ್ರದಲ್ಲಿ ಭಾಷಣಕಾರರ ಹೆಸರು ನೋಡಿದರೆ ನನಗೆ ಗೊತ್ತಾಗುತ್ತದೆ. ಆ ಹೆಸರು ಎದುರು ಪಕ್ಷದವರದ್ದಾಗಿದ್ದರೆ ಬೆಳಗಿನ ಖಾನಾಪುರ ಬಸ್ಸಿಗೆ ಬಂದು ಕೊನೆಯ ಸಾಲಿನಲ್ಲಿ ಕೂರುತ್ತೇನೆ. ಅಲ್ಲದಿದ್ದರೆ ಮರುದಿನ ಒಬ್ಬನೇ ಬಂದು ಆಲದ ಮರ ನೋಡಿಕೊಂಡು ಹೋಗುತ್ತೇನೆ.

ಇಂತಿ ನಿಮ್ಮ,
ಒಬ್ಬ ನಿವೃತ್ತ ಮಾಸ್ತರ
ಟಿಳಕವಾಡಿ, ಬೆಳಗಾವಿ